ಸೌಂಡ್ ಕಾರ್ಡ್ ಬೇಕೆ, ಮದರ್‌ಬೋರ್ಡ್‌ನ ಆಡಿಯೊ ಸಾಕೆ

ಹಾಸನದಲ್ಲಿ ಹೊಸ ಕಂಪ್ಯೂಟರ್ ಅಸೆಂಬಲ್ ಮಾಡಿಸಲು ಹೊರಟವರು, ಅದರಲ್ಲೂ ಮನೆಯಲ್ಲಿ ಹಾಡುವವರೋ ವಾದ್ಯ ನುಡಿಸುವವರೋ ಇರುವವರು, ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಮದರ್‌ಬೋರ್ಡ್‌ನಲ್ಲೇ ಬರುವ ಆಡಿಯೊ ಸಾಕೆ, ಇಲ್ಲವೇ ಬೇರೆ ಸೌಂಡ್ ಕಾರ್ಡ್ ಹಾಕಿಸಬೇಕೆ? ನಮ್ಮ ಜಿಲ್ಲೆಯಲ್ಲಿ ಇದು ಕೇವಲ ಆಟ ಆಡುವವರ, ಸಿನಿಮಾ ನೋಡುವವರ ಪ್ರಶ್ನೆಯಾಗಿ ಉಳಿದಿಲ್ಲ. ಕಾವೇರಿ ದಡದ ರುದ್ರಪಟ್ಟಣ ಇರುವುದು ಇಲ್ಲೇ, ಅರಕಲಗೂಡು ತಾಲ್ಲೂಕಿನಲ್ಲಿ. ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ ಊರದು. ತಂಬೂರಿಯ ಆಕಾರದಲ್ಲೇ ಕಟ್ಟಿದ ಸಪ್ತಸ್ವರ ದೇವತೆಗಳ ಮಂದಿರ ಇರುವ ಊರು. ಇಂಥ ಸೀಮೆಯಲ್ಲಿ ಹಳೆಯ ಕಚೇರಿಗಳ, ಪಾಠಗಳ ಕ್ಯಾಸೆಟ್‌ಗಳು ಕಪಾಟಿನಲ್ಲಿ ಉಳಿದಿರುವ ಮನೆಗಳು ಬೇಕಾದಷ್ಟಿವೆ. ಅವುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕೆನ್ನುವವರೂ, ಬೆಂಗಳೂರಿನ ಅಥವಾ ಮೈಸೂರಿನ ಗುರುಗಳಿಂದ ಆನ್‌ಲೈನ್ ಪಾಠ ಹೇಳಿಸಿಕೊಳ್ಳುವವರೂ ಈ ಪ್ರಶ್ನೆಯನ್ನು ಕೇಳುತ್ತಾರೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬರಿಯ ಕೇಳುವುದಕ್ಕಾದರೆ ಮದರ್‌ಬೋರ್ಡ್‌ನ ಆಡಿಯೊ ಸಾಕು. ಮೈಕ್ ಹಿಡಿದು ಧ್ವನಿ ಮುದ್ರಿಸುವುದಕ್ಕಾದರೆ ಅದು ಸಾಲದು. ಆದರೆ ಆಗಲೂ ಹಣ ಹಾಕಬೇಕಾದದ್ದು ಕಂಪ್ಯೂಟರಿನ ಡಬ್ಬಿಯೊಳಗೆ ಸಿಕ್ಕಿಸುವ ಕಾರ್ಡಿಗಲ್ಲ, ಯುಎಸ್‌ಬಿ ಮೂಲಕ ಹೊರಗೆ ಜೋಡಿಸುವ, ಮೈಕಿನ ದನಿಯನ್ನು ಕಂಪ್ಯೂಟರಿಗೆ ತಲುಪಿಸುವ ಪೆಟ್ಟಿಗೆಯಾದ ಆಡಿಯೊ ಇಂಟರ್‌ಫೇಸಿಗೆ. ಇವೆರಡಕ್ಕೂ ಮೊದಲು ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ನೋಡಿಸಬೇಕು.

ಸೌಂಡ್ ಕಾರ್ಡ್ ಇಲ್ಲದಿದ್ದರೆ ಕಂಪ್ಯೂಟರಿನ ಧ್ವನಿ ಕಳಪೆಯೇ ಸರಿ ಎಂಬ ನಂಬಿಕೆ ಆಧಾರವಿಲ್ಲದೆ ಹುಟ್ಟಿದ್ದಲ್ಲ. ಮೊದಲ ಕಾಲದ ಪಿಸಿಗಳಿಗೆ ಬೀಪ್ ಎನ್ನುವುದಕ್ಕಿಂತ ಹೆಚ್ಚಿನ ದನಿ ಇರಲಿಲ್ಲ. 1987ರಲ್ಲಿ ಆಡ್‌ಲಿಬ್ ಕಾರ್ಡ್ ಬಂದಾಗ ಯಮಾಹಾದ ಚಿಪ್ಪಿನಿಂದ ಸಂಗೀತ ಹೊಮ್ಮಿತು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಅದರ ಜೊತೆಗೆ ಮುದ್ರಿತ ಧ್ವನಿಯನ್ನೂ ನುಡಿಸಿತು. ಅಲ್ಲಿಂದ ಮುಂದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸೌಂಡ್ ಕಾರ್ಡ್ ಎಂಬುದು ಕಂಪ್ಯೂಟರಿನ ಬೆಲೆಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿಯೇ ಇತ್ತು. 1997ರಲ್ಲಿ ಇಂಟೆಲ್ ಎಸಿ97 ಎಂಬ ಮಾನದಂಡವನ್ನು ತಂದ ಮೇಲೆ ಧ್ವನಿಯ ಚಿಪ್ಪು ಮದರ್‌ಬೋರ್ಡ್‌ನ ಮೇಲೆಯೇ ಕೂರತೊಡಗಿತು. ಆ ಕಾಲದ ಬೋರ್ಡ್‌ಗಳ ಧ್ವನಿ ನಿಜಕ್ಕೂ ಕೆಟ್ಟದಾಗಿತ್ತು. ಹೆಡ್‌ಫೋನ್ ಹಾಕಿಕೊಂಡರೆ ಹಾರ್ಡ್ ಡಿಸ್ಕ್ ಓಡುವುದೂ ಮೌಸ್ ಸರಿಯುವುದೂ ಕೇಳಿಸುತ್ತಿತ್ತು. ಇಂದಿಗೂ ಜನರಲ್ಲಿ ಉಳಿದಿರುವುದು ಆ ನೆನಪು. ಆದರೆ 2004ರಲ್ಲಿ ಇಂಟೆಲ್‌ನದೇ ಹೈ ಡೆಫಿನಿಷನ್ ಆಡಿಯೊ ಬಂದಿತು, ಚಿಪ್ಪುಗಳು ಸುಧಾರಿಸಿದವು. 2007ರ ವಿಂಡೋಸ್ ವಿಸ್ಟಾ ಧ್ವನಿಗಳನ್ನು ಬೆರೆಸುವ ಕೆಲಸವನ್ನು ಕಾರ್ಡಿನ ಕೈಯಿಂದ ತೆಗೆದು ಸಾಫ್ಟ್‌ವೇರಿಗೆ ಒಪ್ಪಿಸಿತು. ಆಟಗಳಿಗಾಗಿ ಕಾರ್ಡ್ ಕೊಳ್ಳಲು ಇದ್ದ ಮುಖ್ಯ ಕಾರಣ ಅಲ್ಲಿಗೆ ಮುಗಿಯಿತು.

ಈಗಿನ ಸ್ಥಿತಿಯನ್ನು ಅಂಕಿಗಳಲ್ಲೇ ನೋಡಬಹುದು. ಸಿಡಿಯ 16 ಬಿಟ್ ಧ್ವನಿಯಲ್ಲಿ ಅತಿ ಜೋರಿನ ದನಿಗೂ ತಳದ ಸದ್ದಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರವಿರುತ್ತದೆ. ರಿಯಲ್‌ಟೆಕ್ ಕಂಪನಿ ತನ್ನ ಎಎಲ್‌ಸಿ1150 ಚಿಪ್ಪಿಗೆ 115 ಡೆಸಿಬೆಲ್, ಎಎಲ್‌ಸಿ1220 ಚಿಪ್ಪಿಗೆ 120 ಡೆಸಿಬೆಲ್ ಎಂದು ಹೇಳಿಕೊಳ್ಳುತ್ತದೆ. ಚಿಪ್ಪು ಬೋರ್ಡಿನ ಮೇಲೆ ಕೂತ ಮೇಲೆ ಅಷ್ಟು ದಕ್ಕುವುದಿಲ್ಲ ಎಂಬುದು ನಿಜ. ಆದರೂ ಕೇಳುವ ಕೋಣೆಯೇ ಎಷ್ಟು ನಿಶ್ಶಬ್ದವಾಗಿರುತ್ತದೆ ಎಂಬುದನ್ನು ಯೋಚಿಸಬೇಕು. ಫ್ಯಾನ್ ತಿರುಗುತ್ತಿರುವ, ಬೀದಿಗೆ ಕಿಟಕಿಯಿರುವ ಕೋಣೆಯ ಸದ್ದೇ 35-40 ಡೆಸಿಬೆಲ್ ಇರುತ್ತದೆ. ಜೂನ್ ಜುಲೈನಲ್ಲಿ ಸಕಲೇಶಪುರದ ಕಡೆ ಹೆಂಚಿನ ಮೇಲೋ ಶೀಟಿನ ಮೇಲೋ ಮಳೆ ಹೊಡೆಯುವಾಗ ಇನ್ನೂ ಹೆಚ್ಚು. ಅಂಥ ಕೋಣೆಯಲ್ಲಿ ಸ್ಪೀಕರಿನಿಂದ ಕೇಳುವವರಿಗೆ 100 ಡೆಸಿಬೆಲ್‌ಗೂ 120 ಡೆಸಿಬೆಲ್‌ಗೂ ಇರುವ ವ್ಯತ್ಯಾಸ ಕಿವಿಗೆ ತಲುಪುವುದೇ ಇಲ್ಲ.

ಹಾಗಾದರೆ ಮದರ್‌ಬೋರ್ಡ್‌ನ ಧ್ವನಿಯಲ್ಲಿ ಇಂದಿಗೂ ಗುರುಗುರು, ಚಿರ್‌ಚಿರ್ ಸದ್ದು ಬರುತ್ತದೆ ಎಂದು ದೂರುವವರ ಮಾತು ಸುಳ್ಳೆ? ಸುಳ್ಳಲ್ಲ. ಆದರೆ ತಪ್ಪು ಹೆಚ್ಚಿನ ವೇಳೆ ಚಿಪ್ಪಿನದಾಗಿರುವುದಿಲ್ಲ, ದಾರಿಯದಾಗಿರುತ್ತದೆ. ಡಬ್ಬಿಯ ಮುಂಭಾಗದಲ್ಲಿರುವ ಹೆಡ್‌ಫೋನ್ ಜ್ಯಾಕಿಗೆ ಬೋರ್ಡಿನ ಮೂಲೆಯಿಂದ ತೆಳುವಾದ ವೈರೊಂದು ಗ್ರಾಫಿಕ್ಸ್ ಕಾರ್ಡಿನ ಕೆಳಗೆ, ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್‌ನ ಪಕ್ಕದಲ್ಲಿ ಹಾದು ಬರುತ್ತದೆ. ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಅದಕ್ಕೆ ಸರಿಯಾದ ಶೀಲ್ಡ್ ಇರುವುದಿಲ್ಲ. ಅದೇ ಹೆಡ್‌ಫೋನನ್ನು ಹಿಂಭಾಗದ ಹಸಿರು ಜ್ಯಾಕಿಗೆ ಹಾಕಿದರೆ ಸದ್ದು ಮಾಯವಾಗುವುದನ್ನು ನಾನು ಹಲವರ ಮನೆಯಲ್ಲಿ ತೋರಿಸಿದ್ದೇನೆ. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ. ಆದ್ದರಿಂದ ಮುಂಭಾಗದ ಜ್ಯಾಕಿನಲ್ಲಿ ಕೇಳಿ ಮದರ್‌ಬೋರ್ಡ್‌ನ ಆಡಿಯೊ ಕೆಟ್ಟದ್ದೆಂದು ಯಾರೂ ತೀರ್ಮಾನಿಸಬಾರದು. ಮಲೆನಾಡಿನ ತೇವಕ್ಕೆ ಜ್ಯಾಕಿನ ಒಳಗಿನ ಲೋಹಕ್ಕೆ ಕಿಲುಬು ಹಿಡಿದು ಒಂದು ಕಿವಿಯ ದನಿ ಕರಕರ ಎನ್ನುವುದೂ ಇಲ್ಲಿ ಸಾಮಾನ್ಯ. ಅದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು, ಕಾರ್ಡ್ ಬೇಡ.

ಇನ್ನೊಂದು ವಿಷಯವನ್ನು ಅಂಗಡಿಗಳಲ್ಲಿ ಬಿಡಿಸಿ ಹೇಳುವುದಿಲ್ಲ. ಬ್ಲೂಟೂತ್ ಹೆಡ್‌ಫೋನಿನಲ್ಲಿ ಕೇಳುವವರಿಗೆ, ಎಚ್‌ಡಿಎಂಐ ಮೂಲಕ ಟಿವಿಯಲ್ಲೋ ಮಾನಿಟರಿನಲ್ಲೋ ಕೇಳುವವರಿಗೆ, ಯುಎಸ್‌ಬಿ ಹೆಡ್‌ಸೆಟ್ ಇರುವವರಿಗೆ ಸೌಂಡ್ ಕಾರ್ಡಿನಿಂದ ಯಾವ ಉಪಯೋಗವೂ ಇಲ್ಲ. ಏಕೆಂದರೆ ಅವರು ಕೇಳುವ ದನಿ ಕಾರ್ಡನ್ನು ಮುಟ್ಟುವುದೇ ಇಲ್ಲ. ಅಂಕಿಗಳು ದನಿಯಾಗುವ ಕೆಲಸ ಆ ಹೆಡ್‌ಸೆಟ್ಟಿನ ಒಳಗೆ, ಆ ಟಿವಿಯ ಒಳಗೆ ನಡೆಯುತ್ತದೆ.

ಕೇಳುವವರಲ್ಲಿ ಬೇರೆ ಉಪಕರಣ ನಿಜವಾಗಿ ಬೇಕಾದವರು ಒಂದು ಗುಂಪು ಮಾತ್ರ: ಒಳ್ಳೆಯ ದೊಡ್ಡ ಹೆಡ್‌ಫೋನ್ ಕೊಂಡವರು. ಸಾಮಾನ್ಯ ಇಯರ್‌ಫೋನುಗಳ ಇಂಪೀಡೆನ್ಸ್, ಎಂದರೆ ಕರೆಂಟಿಗೆ ಅವು ಒಡ್ಡುವ ತಡೆ, 16 ಅಥವಾ 32 ಓಮ್ ಇರುತ್ತದೆ. ಸೆನ್‌ಹೈಸರ್ ಎಚ್‌ಡಿ 600ರಂಥದ್ದು 300 ಓಮ್. ಬೇಯರ್‌ಡೈನಾಮಿಕ್‌ನ ಡಿಟಿ 770ರಲ್ಲಿ 250 ಓಮಿನದೂ ಉಂಟು. ಇವಕ್ಕೆ ಹೆಚ್ಚಿನ ವೋಲ್ಟೇಜ್ ಬೇಕಾಗುವುದರಿಂದ ಬೋರ್ಡಿನ ಜ್ಯಾಕಿನಲ್ಲಿ ದನಿ ಕುಗ್ಗಿದಂತೆ ಕೇಳುತ್ತದೆ. ಇದಕ್ಕೆ ತದ್ವಿರುದ್ಧವಾದ ತೊಂದರೆಯೂ ಇದೆ. ಕೆಲವು ಬೋರ್ಡ್‌ಗಳ ಹಿಂಭಾಗದ ಜ್ಯಾಕಿನ ಸ್ವಂತ ಇಂಪೀಡೆನ್ಸ್ ಹೆಚ್ಚಿರುತ್ತದೆ. ಅದಕ್ಕೆ ಕಡಿಮೆ ಓಮಿನ ಹೆಡ್‌ಫೋನ್ ಹಾಕಿದರೆ ಮೃದಂಗದ ಎಡಭಾಗದ ದನಿ ಇರಬೇಕಾದ್ದಕ್ಕಿಂತ ದಪ್ಪವಾಗಿ, ಸಡಿಲವಾಗಿ ಕೇಳಿಸಬಹುದು. ಹೆಡ್‌ಫೋನಿನ ಇಂಪೀಡೆನ್ಸಿನ ಎಂಟನೆಯ ಒಂದು ಭಾಗಕ್ಕಿಂತ ಜ್ಯಾಕಿನದು ಕಡಿಮೆಯಿರಬೇಕು ಎಂಬುದು ಬಲ್ಲವರು ಇಟ್ಟುಕೊಂಡಿರುವ ಲೆಕ್ಕ. ಇವೆರಡು ತೊಂದರೆಗಳಿಗೂ ಒಂದು ಸಣ್ಣ ಯುಎಸ್‌ಬಿ ಡ್ಯಾಕ್ (ಅಂಕಿಗಳನ್ನು ದನಿಯಾಗಿಸುವ ಉಪಕರಣ) ಮತ್ತು ಹೆಡ್‌ಫೋನ್ ಆಂಪ್ಲಿಫೈಯರ್ ಪರಿಹಾರ. ಅದನ್ನು ಇಂದು ಡೆಸ್ಕ್‌ಟಾಪಿಗೆ, ನಾಳೆ ಲ್ಯಾಪ್‌ಟಾಪಿಗೆ ಹಾಕಬಹುದು.

ಹೊಸ ಕಾರ್ಡ್ ಹಾಕಿಸಿದ ಕೂಡಲೇ ದನಿ ಎಷ್ಟೋ ಪಾಲು ಮೇಲಾಯಿತೆಂದು ಹೇಳುವವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಒಂದು ಪರೀಕ್ಷೆ ಮಾಡಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಎರಡು ಉಪಕರಣಗಳಲ್ಲಿ ಯಾವುದು ಒಂದೆರಡು ಡೆಸಿಬೆಲ್ ಜೋರಾಗಿ ನುಡಿಯುತ್ತದೆಯೋ ಅದೇ ಸ್ಪಷ್ಟವೆಂದು ನಮ್ಮ ಕಿವಿ ಹೇಳುತ್ತದೆ. ಎರಡರ ಮಟ್ಟವನ್ನೂ ಮಲ್ಟಿಮೀಟರ್ ಹಿಡಿದು ಸಮ ಮಾಡಿ, ಯಾವುದು ನುಡಿಯುತ್ತಿದೆ ಎಂಬುದು ತಿಳಿಯದಂತೆ ಬೇರೊಬ್ಬರಿಂದ ಬದಲು ಮಾಡಿಸಿ, ಆಮೇಲೆ ತೀರ್ಮಾನಿಸಬೇಕು. ಹಣ ಕೊಡುವ ಮೊದಲೇ ಇದನ್ನು ಮಾಡಲು ಸಾಧ್ಯವಾದರೆ ಒಳ್ಳೆಯದು.

ಇನ್ನು ಅರ್ಥಿಂಗಿನ ಮಾತು. ಇದಕ್ಕೆ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ನಮ್ಮ ಕಡೆಯ ಮನೆಗಳಲ್ಲಿ ಧ್ವನಿ ಕೆಡುವುದಕ್ಕೆ ನಾನು ಕಂಡ ಅತಿ ದೊಡ್ಡ ಕಾರಣ ಇದೇ. ಕಂಪ್ಯೂಟರಿನ ಎಸ್‌ಎಂಪಿಎಸ್‌ನಲ್ಲಿ ವಿದ್ಯುತ್ ಗದ್ದಲವನ್ನು ಸೋಸುವುದಕ್ಕಾಗಿ ಎರಡು ಸಣ್ಣ ಕೆಪಾಸಿಟರುಗಳಿರುತ್ತವೆ. ಒಂದು ಫೇಸ್‌ನಿಂದ, ಇನ್ನೊಂದು ನ್ಯೂಟ್ರಲ್‌ನಿಂದ ಡಬ್ಬಿಯ ಲೋಹಕ್ಕೆ ಸೇರಿರುತ್ತವೆ. ಅರ್ಥ್ ಸರಿಯಿದ್ದರೆ ಸೋಸಿದ ಗದ್ದಲ ನೆಲಕ್ಕೆ ಇಳಿಯುತ್ತದೆ. ಅರ್ಥ್ ಇಲ್ಲದಿದ್ದರೆ ಡಬ್ಬಿ 230ರ ಅರ್ಧದಷ್ಟು, ಎಂದರೆ ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಕರೆಂಟಿನ ಪ್ರಮಾಣ ತೀರಾ ಕಡಿಮೆಯಾದ್ದರಿಂದ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ, ಅಷ್ಟೆ. ಆದರೆ ಅದೇ ಡಬ್ಬಿಗೆ ಆಂಪ್ಲಿಫೈಯರನ್ನೋ ಟೇಪ್ ಡೆಕ್ಕನ್ನೋ ಜೋಡಿಸಿದಾಗ ಆ ವೋಲ್ಟೇಜ್ ಆಡಿಯೊ ವೈರಿನ ಮೂಲಕ ದಾರಿ ಹುಡುಕುತ್ತದೆ, ಗುಂಯ್ ಎನ್ನುವ ದನಿಯಾಗುತ್ತದೆ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದ ಮನೆಗಳಲ್ಲಿ, ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿರುವ ಕಡೆಗಳಲ್ಲಿ ಇದು ಹೆಚ್ಚು. ಗುಂಡಿಗೆ ನೀರು ಹಾಕಿಸಿ, ಎಲೆಕ್ಟ್ರಿಷಿಯನ್ನರಿಂದ ಅರ್ಥ್ ಪರೀಕ್ಷೆ ಮಾಡಿಸಿ, ಕಂಪ್ಯೂಟರ್ ಮತ್ತು ಆಂಪ್ಲಿಫೈಯರ್ ಎರಡನ್ನೂ ಒಂದೇ ಸ್ವಿಚ್ ಬೋರ್ಡಿನಿಂದ ತೆಗೆದುಕೊಂಡರೆ ಬಹುಪಾಲು ಗದ್ದಲ ಇಳಿಯುತ್ತದೆ. ಗುಂಯ್ ಸದ್ದನ್ನು ನಿಲ್ಲಿಸಲು ಅರ್ಥ್ ಪಿನ್ನನ್ನೇ ಕಿತ್ತುಹಾಕುವ ಸಲಹೆ ಕೊಡುವವರಿದ್ದಾರೆ. ಅದು ಜೀವಕ್ಕೆ ಅಪಾಯ, ಯಾವ ಕಾರಣಕ್ಕೂ ಮಾಡಬಾರದು. ಅರ್ಥ್ ಸರಿಯಿದ್ದೂ ಎರಡು ಉಪಕರಣಗಳ ನಡುವೆ ಗುಂಯ್ ಎನ್ನುತ್ತಿದ್ದರೆ ಆಡಿಯೊ ವೈರಿನ ನಡುವೆ ಹಾಕುವ ಟ್ರಾನ್ಸ್‌ಫಾರ್ಮರ್ ಐಸೊಲೇಟರ್ ಸಿಗುತ್ತದೆ. ಇನ್ವರ್ಟರ್ ಮೇಲೆ ನಡೆಯುವಾಗ ಮಾತ್ರ ಸದ್ದು ಬರುವುದಾದರೆ ಆ ಇನ್ವರ್ಟರ್ ನಯವಾದ ಅಲೆಯ ಕರೆಂಟ್ ಕೊಡುವ ಪ್ಯೂರ್ ಸೈನ್ ವೇವ್‌ನದಲ್ಲ ಎಂದೇ ಮೊದಲು ಅನುಮಾನಿಸಬೇಕು.

ಈ ಗುಂಯ್‌ಗಾಟ ನಮ್ಮ ಸಂಗೀತಕ್ಕೆ ಎಷ್ಟು ಕೇಡು ಮಾಡುತ್ತದೆ ಎಂಬುದನ್ನು ನಾನು ಚೆನ್ನಾಗಿ ತಿಳಿದದ್ದು ನಮ್ಮ ಬಡಾವಣೆಯ ಸಂಗೀತದ ಮೇಷ್ಟ್ರೊಬ್ಬರ ಮನೆಯಲ್ಲಿ. ಅವರದು ಎರಡು ಮನೆಯ ಶ್ರುತಿ, ಎಂದರೆ ಹಾರ್ಮೋನಿಯಂನ ಎರಡನೆಯ ಬಿಳಿ ಮನೆಯೇ ಅವರಿಗೆ ಷಡ್ಜ. ಎರಡು ಮನೆಯ ಷಡ್ಜ ಎಂದರೆ ಸೆಕೆಂಡಿಗೆ ಸುಮಾರು 146.8 ಕಂಪನ. ನಮ್ಮ ವಿದ್ಯುತ್ತಿನ ಆವರ್ತನ 50. ಅದರ ಮೂರರಷ್ಟು 150. ಈ ಎರಡು ಸ್ವರಗಳು ಒಟ್ಟಿಗೆ ನುಡಿದಾಗ ಸೆಕೆಂಡಿಗೆ ಮೂರು ಸಲ ಏರಿಳಿಯುವ ಅಲೆ ಹುಟ್ಟುತ್ತದೆ. ಮುದ್ರಿಸಿದ ತಂಬೂರಿಯನ್ನು ಹಾಕಿದ ಕೂಡಲೇ ಮೇಷ್ಟ್ರು ಕೈ ಎತ್ತಿ ನಿಲ್ಲಿಸಿ, “ತಂಬೂರಿ ಅಲೆಯುತ್ತಿದೆಯಲ್ಲಪ್ಪ, ಷಡ್ಜ ಕೂಡಿಲ್ಲ” ಎಂದರು. “ತಂಬೂರಿ ಕೂಡಿದೆ ಮೇಷ್ಟ್ರೇ, ಜೊತೆಗೆ ಕರೆಂಟೂ ಹಾಡುತ್ತಿದೆ” ಎಂದು ಹೇಳಿ ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಸ್ಪೆಕ್ಟ್ರಮ್ (ದನಿಯಲ್ಲಿ ಯಾವ ಕಂಪನ ಎಷ್ಟಿದೆ ಎಂಬ ನಕ್ಷೆ) ತೆರೆದು ತೋರಿಸಿದೆ. 50ರ ಬಳಿ ಒಂದು, 100ರ ಬಳಿ ಒಂದು, 150ರ ಬಳಿ ಒಂದು ಚೂಪಾದ ಗೆರೆ ಎದ್ದು ನಿಂತಿತ್ತು. ಷಡ್ಜದ ಗೆರೆ ಕೊನೆಯದಕ್ಕೆ ಹೆಚ್ಚುಕಡಿಮೆ ಅಂಟಿಕೊಂಡಿತ್ತು. ಒಂದು ಮನೆಯ ಶ್ರುತಿಯವರಿಗೂ ಬಿಡುಗಡೆಯಿಲ್ಲ: ಅವರ ಮಂದ್ರ ಪಂಚಮ 98ರ ಹತ್ತಿರ, ಅದಕ್ಕೆ 100ರ ಗುಂಯ್‌ಗಾಟ ನೆರೆಯಾಗುತ್ತದೆ. ಸಿನಿಮಾ ಹಾಡಿನಲ್ಲಿ ಮುಚ್ಚಿಹೋಗುವ ಸದ್ದು ತಂಬೂರಿಯ ಎದುರಿಗೆ ಮುಚ್ಚಿಹೋಗುವುದಿಲ್ಲ. ಅಲ್ಲಿ ದೋಷವಿದ್ದದ್ದು ಗೋಡೆಯ ಸಾಕೆಟ್ಟಿನಲ್ಲಿ. ಅರ್ಥ್ ವೈರು ಕಳಚಿಕೊಂಡಿತ್ತು. ಎಷ್ಟೇ ಬೆಲೆಯ ಕಾರ್ಡ್ ತಂದು ಹಾಕಿದ್ದರೂ ಆ ಅಲೆ ಹಾಗೆಯೇ ಇರುತ್ತಿತ್ತು.

ಮೇಷ್ಟ್ರ ಹಾಗೆ ಹಾಡನ್ನು ಮುದ್ರಿಸುವವರಿಗೆ ಅರ್ಥ್ ಸರಿಯಾದ ಮೇಲೂ ಮದರ್‌ಬೋರ್ಡ್‌ನ ಗುಲಾಬಿ ಬಣ್ಣದ ಮೈಕ್ ಜ್ಯಾಕ್ ಸಾಲದು ಎಂದು ನಾನು ಖಚಿತವಾಗಿ ಹೇಳುತ್ತೇನೆ. ವೇದಿಕೆಯಲ್ಲಿ ಕಾಣುವ ಶೂರ್ ಎಸ್‌ಎಂ58ರಂಥ ಡೈನಾಮಿಕ್ ಮೈಕ್, 94 ಡೆಸಿಬೆಲ್‌ನಷ್ಟು ಜೋರಾದ ದನಿಗೂ ಕೊಡುವುದು ಹೆಚ್ಚುಕಡಿಮೆ ಎರಡು ಮಿಲಿವೋಲ್ಟ್. ಅದನ್ನು ಕಂಪ್ಯೂಟರ್ ಹಿಡಿಯುವ ಮಟ್ಟಕ್ಕೆ ಏರಿಸಲು ನೂರಾರು ಪಟ್ಟು ಹಿಗ್ಗಿಸಬೇಕು. ಬೋರ್ಡಿನ ಮೈಕ್ ಬೂಸ್ಟ್ ಆ ಕೆಲಸವನ್ನು ಮಾಡುವಾಗ ತನ್ನ ಸುಯ್‌ ಎನ್ನುವ ಸದ್ದನ್ನೂ ಅಷ್ಟೇ ಹಿಗ್ಗಿಸುತ್ತದೆ. ಸ್ಟುಡಿಯೊ ಕಂಡೆನ್ಸರ್ ಮೈಕಿಗೆ 48 ವೋಲ್ಟಿನ ಫ್ಯಾಂಟಮ್ ಪವರ್, ಎಂದರೆ ಮೈಕಿನ ವೈರಿನಲ್ಲೇ ಹೋಗುವ ಕರೆಂಟ್, ಬೇಕು. ಗುಲಾಬಿ ಜ್ಯಾಕಿನಲ್ಲಿ ಅದು ಇಲ್ಲವೇ ಇಲ್ಲ. ಆಟ ಆಡುವವರಿಗಾಗಿ ಮಾಡಿದ ಒಳಗಿನ ಸೌಂಡ್ ಕಾರ್ಡುಗಳಲ್ಲೂ ಸಾಮಾನ್ಯವಾಗಿ ಇರುವುದು ಅಂಥದೇ ಸಣ್ಣ ಜ್ಯಾಕ್. ಫೋಕಸ್‌ರೈಟ್ ಸ್ಕಾರ್ಲೆಟ್, ಬೆಹ್ರಿಂಗರ್ ಮುಂತಾದವರ ಯುಎಸ್‌ಬಿ ಇಂಟರ್‌ಫೇಸುಗಳಲ್ಲಿ ಸ್ಟುಡಿಯೊ ಮೈಕಿನ ವೈರು ಕೂರುವ ಎಕ್ಸ್‌ಎಲ್‌ಆರ್ ಸಾಕೆಟ್, ಫ್ಯಾಂಟಮ್ ಪವರ್, ಗೇನ್ (ದನಿಯನ್ನು ಹಿಗ್ಗಿಸುವ ಪ್ರಮಾಣ) ತಿರುಗಿಸುವ ಗುಂಡಿ, ಹೆಡ್‌ಫೋನಿನಲ್ಲಿ ತಡವಿಲ್ಲದೆ ತನ್ನ ದನಿಯನ್ನೇ ಕೇಳಿಕೊಳ್ಳುವ ಸೌಕರ್ಯ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಹಾಡುವವರಿಗೆ ಈ ಕೊನೆಯದು ಬಹಳ ಮುಖ್ಯ. ತನ್ನ ದನಿ ತನಗೆ ತಡವಾಗಿ ಕೇಳಿದರೆ ತಾಳ ಹಿಡಿಯುವುದೇ ಕಷ್ಟವಾಗುತ್ತದೆ.

ಕ್ಯಾಸೆಟ್ ಇಳಿಸಿಕೊಳ್ಳುವವರ ಲೆಕ್ಕ ಬೇರೆ. ಸುಯ್‌ ಸದ್ದನ್ನು ತಗ್ಗಿಸುವ ಡಾಲ್ಬಿ ಇಲ್ಲದ ಸಾಧಾರಣ ಕ್ಯಾಸೆಟ್ಟಿನಲ್ಲಿ ದನಿಗೂ ಸುಯ್‌ಗಾಟಕ್ಕೂ ಇರುವ ಅಂತರ 50-55 ಡೆಸಿಬೆಲ್ ಆಸುಪಾಸು. ಬೋರ್ಡಿನ ನೀಲಿ ಬಣ್ಣದ ಲೈನ್ ಇನ್ ಜ್ಯಾಕ್ ಅದಕ್ಕೆ ಧಾರಾಳವಾಗಿ ಸಾಕು. ಅಲ್ಲಿ ಹಣ ಮತ್ತು ಶ್ರಮ ಹೋಗಬೇಕಾದದ್ದು ಡೆಕ್ಕಿನ ಕಡೆಗೆ: ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಬೇಕು, ಅದರ ವಾಲನ್ನು ಸರಿಪಡಿಸಬೇಕು, ಸಡಿಲವಾದ ಬೆಲ್ಟ್ ಬದಲಿಸಬೇಕು. ವೇಗ ನೂರಕ್ಕೆ ಆರರಷ್ಟು ತಪ್ಪಿದರೂ ಶ್ರುತಿ ಅರ್ಧ ಮನೆ ಸರಿದುಬಿಡುತ್ತದೆ. ಒಂದೂವರೆ ಮನೆಗೆ ಹಾಡಿದವರು ಎರಡು ಮನೆಗೆ ಹಾಡಿದಂತೆ ಕೇಳಿಸುತ್ತಾರೆ. 24 ಬಿಟ್, 48 ಸಾವಿರ ಹರ್ಟ್ಸ್‌ನಲ್ಲಿ ವೇವ್ ಕಡತವಾಗಿ ಇಳಿಸಿಟ್ಟು, ಹಂಚುವುದಕ್ಕೆ ಬೇಕಾದರೆ ಅದರಿಂದ ಎಂಪಿ3 ಮಾಡಿಕೊಳ್ಳಬಹುದು. ಲ್ಯಾಪ್‌ಟಾಪ್ ಮಾತ್ರ ಇರುವವರು ಒಂದು ಎಚ್ಚರ ವಹಿಸಬೇಕು. ಅದರ ಒಂದೇ ಜ್ಯಾಕಿನಲ್ಲಿ ಹೆಡ್‌ಫೋನ್ ಮತ್ತು ಮೈಕ್ ಎರಡೂ ಸೇರಿರುವುದರಿಂದ ಒಳಕ್ಕೆ ಹೋಗುವುದು ಒಂದೇ ಚಾನೆಲ್; ಸ್ಟೀರಿಯೊ ಕ್ಯಾಸೆಟ್ಟನ್ನು ಅದರಲ್ಲಿ ಇಳಿಸಲಾಗದು. ಅವರಿಗೆ ಎರಡು ಲೈನ್ ಇನ್‌ಪುಟ್ ಇರುವ ಯುಎಸ್‌ಬಿ ಇಂಟರ್‌ಫೇಸ್ ಬೇಕೇ ಬೇಕು.

ಆನ್‌ಲೈನ್ ಪಾಠದವರ ತೊಂದರೆ ಹೆಚ್ಚಾಗಿ ಯಂತ್ರದ್ದಲ್ಲ, ಸೆಟ್ಟಿಂಗಿನದು. ಸಭೆಯ ಮಾತುಕತೆಗಾಗಿ ಮಾಡಿದ ಜೂಮ್‌ನಂಥ ತಂತ್ರಾಂಶಗಳು ಬದಲಾಗದೆ ನಿಂತ ದನಿಯನ್ನೆಲ್ಲ ಗದ್ದಲವೆಂದು ತಿಳಿದು ಅಳಿಸುತ್ತವೆ, ಹಾಗಾಗಿ ತಂಬೂರಿ ಅಳಿಸಿಹೋಗುತ್ತದೆ. ದೀರ್ಘವಾಗಿ ಹಿಡಿದ ಸ್ವರ ನಡುವೆಯೇ ಕರಗುತ್ತದೆ. ಜೂಮ್‌ನಲ್ಲಿ ಸಂಗೀತಗಾರರಿಗೆಂದೇ ಒರಿಜಿನಲ್ ಸೌಂಡ್ ಎಂಬ ಆಯ್ಕೆಯಿದೆ. ಅದನ್ನು ತೆರೆದು, ವಿಂಡೋಸ್‌ನ ಮೈಕ್ ಸೆಟ್ಟಿಂಗಿನಲ್ಲಿರುವ ಆಡಿಯೊ ಎನ್ಹಾನ್ಸ್‌ಮೆಂಟ್‌ಗಳನ್ನು ಆಫ್ ಮಾಡಿ, ಎಕೋ ಆಗದಂತೆ ಹೆಡ್‌ಫೋನ್ ಹಾಕಿಕೊಂಡು ನೋಡಿದ ಮೇಲೆ ಮಾತ್ರ ಹೊಸ ಉಪಕರಣದ ಯೋಚನೆ ಮಾಡಬೇಕು.

ಹಾಗಾದರೆ ಒಳಗಿನ ಸೌಂಡ್ ಕಾರ್ಡ್ ಯಾರಿಗೂ ಬೇಡವೇ ಎಂದರೆ, ಕೆಲವರಿಗೆ ಬೇಕು. ಹಳೆಯ ಹೋಮ್ ಥಿಯೇಟರ್ ರಿಸೀವರಿಗೆ ಆಪ್ಟಿಕಲ್ ವೈರಿನ ಮೂಲಕ ಆಟಗಳ 5.1 (ಆರು ಸ್ಪೀಕರುಗಳ) ದನಿಯನ್ನು ಕಳಿಸಬೇಕಾದವರಿಗೆ ಆ ದನಿಯನ್ನು ಆಗಿಂದಾಗಲೇ ಅಡಕಗೊಳಿಸುವ ಡಾಲ್ಬಿ ಡಿಜಿಟಲ್ ಲೈವ್ ಇರುವ ಕಾರ್ಡ್ ಉಪಯುಕ್ತ. ಬೋರ್ಡಿನ ಆಡಿಯೊ ಸುಟ್ಟುಹೋಗಿ ಬೋರ್ಡ್ ಬದಲಿಸಲು ಮನಸ್ಸಿಲ್ಲದವರಿಗೂ ಅದು ಒಂದು ದಾರಿ. ಉಳಿದವರಿಗೆ ನಾನು ಅದನ್ನು ಹೇಳುವುದಿಲ್ಲ. ಕಾರ್ಡ್ ಕೂರುವುದು ಗ್ರಾಫಿಕ್ಸ್ ಕಾರ್ಡಿನ ಪಕ್ಕದ ಸ್ಲಾಟಿನಲ್ಲಿ, ಕುಡಿಯುವುದು ಅದೇ ಎಸ್‌ಎಂಪಿಎಸ್‌ನ ಕರೆಂಟನ್ನು. ವಿಂಡೋಸ್ ಬದಲಾದಾಗ ಹಳೆಯ ಕಾರ್ಡಿನ ಡ್ರೈವರ್ ಸಿಗದೆ ಹೋಗುವುದೂ ಉಂಟು. ಯುಎಸ್‌ಬಿ ಆಡಿಯೊ ಮಾನದಂಡದಂತೆ ಮಾಡಿದ ಉಪಕರಣಗಳಿಗೆ ಆ ಚಿಂತೆ ಕಡಿಮೆ. ಆ ಮಾನದಂಡದ ಎರಡನೆಯ ಆವೃತ್ತಿಗೂ 2017ರಿಂದ ವಿಂಡೋಸ್ 10ರಲ್ಲೇ ಡ್ರೈವರ್ ಇದೆ.

ಹೊರಗಿನ ಉಪಕರಣದ ಪರವಾಗಿ ನಮ್ಮ ಕಡೆಯವರಿಗೆ ಇನ್ನೊಂದು ಕಾರಣವೂ ಇದೆ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತ ವಿದ್ಯುತ್ ತಂತಿಯ ಮೂಲಕವೋ ಇಂಟರ್ನೆಟ್ ಕೇಬಲ್ ಮೂಲಕವೋ ಮನೆಯೊಳಗೆ ಬಂದು ಮದರ್‌ಬೋರ್ಡನ್ನು ಸುಟ್ಟರೆ ಅದರ ಸ್ಲಾಟಿನಲ್ಲಿರುವ ಕಾರ್ಡ್ ಕೂಡ ಅದರೊಂದಿಗೆ ಹೋಗಬಹುದು. ಯುಎಸ್‌ಬಿ ಇಂಟರ್‌ಫೇಸನ್ನು ಕೆಲಸ ಮುಗಿದ ಮೇಲೆ ಕಳಚಿ ಪೆಟ್ಟಿಗೆಯಲ್ಲಿಡಬಹುದು. ಮಲೆನಾಡಿನ ತೇವ ತಟ್ಟದಂತೆ ಆ ಪೆಟ್ಟಿಗೆಯಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿಡುವುದನ್ನು ಮಾತ್ರ ಮರೆಯಬಾರದು.